ಸಹಾಯ ಬೇಕು: ಮೀಟಿಂಗ್‌ನಲ್ಲಿ ಎಲ್ಲಾ ಸರಿ, ಮಾಲು ಮಾತ್ರ ಲೇಟು

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಬಿಡಿಭಾಗಗಳ ಕಾರ್ಖಾನೆಯಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಸೇಲ್ಸ್‌ನವರು ಒಪ್ಪಿಕೊಂಡ ತಾರೀಕು ಪ್ರೊಡಕ್ಷನ್‌ಗೆ ಗೊತ್ತೇ ಇರುವುದಿಲ್ಲ. ಸೋಮವಾರದ ಮೀಟಿಂಗ್‌ನಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು, 'ಎಲ್ಲಾ ಸರಿಯಿದೆ ಸಾರ್'.

ಅಮೆರಿಕದ ಕಾರು ಕಂಪನಿ ಫೋರ್ಡ್‌ನಲ್ಲೂ ಹೀಗೇ ಇತ್ತಂತೆ. 2006ರಲ್ಲಿ ಅಲ್ಲಿಗೆ ಸಿಇಒ ಆಗಿ ಬಂದ ಅಲನ್ ಮುಲಾಲಿ ಪ್ರತಿ ಗುರುವಾರ ವಿಭಾಗಗಳ ಮುಖ್ಯಸ್ಥರನ್ನು ಕೂರಿಸಿಕೊಂಡು ಹಸಿರು (ಎಲ್ಲಾ ಸರಿ), ಹಳದಿ (ಎಚ್ಚರಿಕೆ), ಕೆಂಪು (ತೊಂದರೆ) ಬಣ್ಣದಲ್ಲಿ ವರದಿ ಕೇಳುತ್ತಿದ್ದರು. ಆ ವರ್ಷ ಕಂಪನಿಯ ನಷ್ಟ 1200 ಕೋಟಿ ಡಾಲರಿಗೂ ಜಾಸ್ತಿ. ಆದರೂ ಮೊದಮೊದಲು ಎಲ್ಲಾ ಹಸಿರೇ! ಕೊನೆಗೆ ಆ ಮುಖ್ಯಸ್ಥರಲ್ಲೊಬ್ಬರಾದ ಮಾರ್ಕ್ ಫೀಲ್ಡ್ಸ್ ಕೆಂಪು ತೋರಿಸಿದಾಗ ಮುಲಾಲಿ ಬೈಯಲಿಲ್ಲ, ಚಪ್ಪಾಳೆ ತಟ್ಟಿದರು. ಆಮೇಲೆ ಉಳಿದವರೂ ಬಾಯಿಬಿಟ್ಟರು.

ನಮ್ಮಲ್ಲಿ ನಿಜ ಹೇಳಿದವರಿಗೇ ಬೈಗುಳ. ಮಾಲೀಕರು ಕೆಟ್ಟವರಲ್ಲ, ಸ್ವಲ್ಪ ಮುಂಗೋಪ ಅಷ್ಟೇ. ಅವರಿಗೆ ಇದನ್ನು ಹೇಗೆ ಹೇಳಲಿ? ಸಣ್ಣ ಕಾರ್ಖಾನೆಯಲ್ಲಿ ಈ ಬಣ್ಣದ ಪದ್ಧತಿ ಯಾರಾದರೂ ಮಾಡಿ ನೋಡಿದ್ದೀರಾ? ವಾರಕ್ಕೊಮ್ಮೆ ಕೂತರೆ ಸಾಕಾ?