ಹೆಣ್ಣಿಗೆ 21ರ ಕಾನೂನು ಬಂತಾ, ಇಲ್ವಾ? ಅಪ್ಪನಿಗೆ ಏನು ಹೇಳಲಿ?

ದೊಡ್ಡಮಗಳು:
ನನ್ನ ಮದುವೆ ಆಗಿದ್ದು 18 ತುಂಬಿದ ಹನ್ನೊಂದನೇ ದಿನಕ್ಕೆ. ಅಪ್ಪ ಕ್ಯಾಲೆಂಡರಿನಲ್ಲಿ ನನ್ನ ಹುಟ್ಟಿದ ದಿನಕ್ಕೆ ಸುತ್ತು ಹಾಕಿಟ್ಟಿದ್ದರು, ಕೇಕ್ ತರೋಕಲ್ಲ. ಛತ್ರದ ಮ್ಯಾನೇಜರ್ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು, ಮುಹೂರ್ತದ ದಿನಕ್ಕೆ ಎಷ್ಟಾಗುತ್ತೆ ಅಂತ ಬೆರಳಲ್ಲಿ ಎರಡು ಸಲ ಎಣಿಸಿದ. ಆಮೇಲೆ 'ಸರಿ, ಅಡ್ವಾನ್ಸ್ ಕೊಡಿ' ಅಂದ. ಅಲ್ಲಿಗೆ ನನ್ನ ಓದು ಪಿಯುಸಿಗೇ ನಿಂತಿತು.

ಈಗ ತಂಗಿ ಸರದಿ. ಅವಳಿಗೆ 19, ಬಿಕಾಂ ಎರಡನೇ ವರ್ಷ. 'ಹೆಣ್ಣಿಗೂ 21 ಮಾಡ್ತಾರಂತೆ, ಅಷ್ಟರೊಳಗೆ ಮುಗಿಸಿಬಿಡೋಣ' ಅಂತ ಅಪ್ಪ ಗಂಡು ನೋಡುತ್ತಿದ್ದಾರೆ. ನಾನು ಸಿಟ್ಟಲ್ಲಿ 'ಆಗಲೇ ಮಾಡಿದ್ದಾರೆ, ಈಗ ಮದುವೆ ಮಾಡಿದ್ರೆ ಜೈಲು' ಅಂದುಬಿಟ್ಟೆ. ಅದು ನಿಜವಾ? ಸುಳ್ಳಾದರೆ ನನ್ನ ಕಥೆ ಮುಗೀತು.

ಕರಿಕೋಟು:
ಸುಳ್ಳು ಅಕ್ಕ. 2021ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಸೂದೆ ಮಂಡನೆ ಆಗಿದ್ದು ನಿಜ. ಅದು ಪರಿಶೀಲನೆಗೆ ಅಂತ ಸಂಸದರ ಸ್ಥಾಯಿ ಸಮಿತಿಗೆ ಹೋಯಿತು, ಅಲ್ಲೇ ಕೂತಿತು. 2024ರಲ್ಲಿ ಆ ಲೋಕಸಭೆ ವಿಸರ್ಜನೆ ಆದಾಗ ಮಸೂದೆಯೂ ಬಿದ್ದುಹೋಯಿತು. ನಮ್ಮಲ್ಲಿ ಈಗಲೂ 1978ರಲ್ಲಿ ತಂದ ಲೆಕ್ಕವೇ: ಹೆಣ್ಣಿಗೆ 18, ಗಂಡಿಗೆ 21. ಅದಕ್ಕೂ ಮುಂಚೆ 1929ರ ಶಾರದಾ ಕಾಯ್ದೆಯಲ್ಲಿ ಹೆಣ್ಣಿಗೆ 14 ಇತ್ತು, 1949ರಲ್ಲಿ 15 ಆಯಿತು.

ಆದರೆ ವಯಸ್ಸಾಗಿದೆ ಅಂದಮಾತ್ರಕ್ಕೆ ಒಪ್ಪಿಗೆ ಇದೆ ಅಂತಲ್ಲ. ತಂಗಿ ಬೇಡ ಅಂದರೆ ಬೇಡ. ಬಲವಂತದಿಂದ ಮಾಡಿದ ಮದುವೆಯನ್ನು ರದ್ದು ಮಾಡಿ ಅಂತ ಕೋರ್ಟಿಗೆ ಹೋಗಬಹುದು. ಅಲ್ಲಿಯವರೆಗೆ ಬರುವುದು ಬೇಡ, ಮೊದಲೇ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಲಿ.

ಎರಡು ಹೆಣ್ಮಕ್ಕಳ ಅಪ್ಪ:
21 ಮಾಡಿದ್ದರೇ ಚೆನ್ನಾಗಿತ್ತು ಅನ್ನೋನು ನಾನು. ನೆಂಟರ ಬಾಯಿ ಮುಚ್ಚಿಸೋಕೆ ಒಂದು ನೆಪವಾದರೂ ಸಿಗ್ತಿತ್ತು. ಗಂಡಿಗೊಂದು ವಯಸ್ಸು, ಹೆಣ್ಣಿಗೊಂದು ವಯಸ್ಸು ಯಾವ ನ್ಯಾಯ?

ಕರಿಕೋಟು:
ಅದೇ ಪ್ರಶ್ನೆಗೆ 2018ರಲ್ಲಿ ಕಾನೂನು ಆಯೋಗ ಉಲ್ಟಾ ಉತ್ತರ ಕೊಟ್ಟಿತ್ತು ಸರ್. ಇಬ್ಬರಿಗೂ 18 ಇರಲಿ ಅಂತ. ಓಟು ಹಾಕೋಕೆ 18 ಸಾಕು ತಾನೇ?

ಅಂಗನವಾಡಿ ಟೀಚರ್:
ನೆಪ ಸಿಗುತ್ತೆ ಸರ್, ಆದರೆ ಯಾರಿಗೆ? 18 ತುಂಬಿದ ಹುಡುಗಿ ತಾನೇ ಮೆಚ್ಚಿದವನನ್ನು ಮದುವೆಯಾದರೆ, ಅವಳ ಅಪ್ಪನೇ ಅದೇ ಕಾನೂನು ಹಿಡಿದು ಹುಡುಗನ ಮೇಲೆ ಕೇಸ್ ಹಾಕ್ತಾರೆ. ಈಗ 17ರ ಹುಡುಗಿಯರ ವಿಷಯದಲ್ಲಿ ಆಗ್ತಿರೋದು ಅದೇ. ಇನ್ನು ನಿಜವಾದ ಬಾಲ್ಯವಿವಾಹ ಛತ್ರದಲ್ಲಿ ನಡೆಯೋದೇ ಇಲ್ಲ. ಬೆಳಗಿನ ಜಾವ ಯಾವುದೋ ದೇವಸ್ಥಾನ, ಕಾರ್ಡ್ ಇಲ್ಲ, ವಾಲಗ ಇಲ್ಲ. ಒಂದು ಸಲ ನಾವು ಹೋಗುವಷ್ಟರಲ್ಲಿ ಹುಡುಗಿ ಕತ್ತಲ್ಲಿ ಅರಿಶಿನದ ಕೊಂಬು ಕಟ್ಟಿದ ದಾರ ಇತ್ತು, ಕಾಲಲ್ಲಿ ಸ್ಕೂಲಿನ ಬಿಳಿ ಸಾಕ್ಸ್. ಕರ್ನಾಟಕದಲ್ಲಿ ಅಂಥ ಮದುವೆ ಮೊದಲಿಂದಲೇ ಅಸಿಂಧು ಅಂತ ತಿದ್ದುಪಡಿಯೇ ಆಗಿದೆ. ಅದನ್ನು ಮನೆಯವರಿಗೆ ತಿಳಿಸಿ ಹೇಳೋಕೆ ನಮಗೆ ಮಧ್ಯಾಹ್ನ ಆಯ್ತು.

ನಾನು ಕಂಡ ಹಾಗೆ, ಹಾಸ್ಟೆಲ್ ಸೀಟು ಸಿಕ್ಕಿದ ಹುಡುಗಿಯ ಮದುವೆ ತಾನಾಗಿ ಮುಂದಕ್ಕೆ ಹೋಗುತ್ತೆ.

ದೊಡ್ಡಮಗಳು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಊರಿಗೆ ಹೋಗಿ ಸುಳ್ಳು ಒಪ್ಪಿಕೊಂಡೆ. ಮಸೂದೆ ಬಿದ್ದುಹೋಗಿದೆಯಂತೆ ಅಪ್ಪ, ಕಾನೂನು ಬಂದೇ ಇಲ್ಲ ಅಂದೆ. ಬೈತಾರೆ ಅಂದುಕೊಂಡಿದ್ದೆ. ಅಪ್ಪ ಸ್ವಲ್ಪ ಹೊತ್ತು ಎಲೆ ಅಡಿಕೆ ಹಾಕಿಕೊಂಡು ಕೂತರು. ಆಮೇಲೆ, 'ಹಂಗಾದ್ರೆ ಅವಸರ ಏನಿಲ್ಲ ಅಲ್ವಾ?' ಅಂದರು.

ನಾನು ಹೆದರಿಸೋಕೆ ಹೋಗಿದ್ದ 21, ಅವರನ್ನು ಮೊದಲೇ ಹೆದರಿಸಿ ಓಡಿಸ್ತಿತ್ತು ನೋಡಿ. ಗಂಡಿನ ಕಡೆಯವರಿಗೆ ಇನ್ನೂ ಬೇಡ ಅಂದಿಲ್ಲ, 'ಪರೀಕ್ಷೆ ಆಗ್ಲಿ' ಅಂದಿದ್ದಾರೆ. ಯಾವ ಪರೀಕ್ಷೆ ಅಂತ ಅವರೂ ಹೇಳಲಿಲ್ಲ, ತಂಗಿಯೂ ಕೇಳಲಿಲ್ಲ.