ಸಹಾಯ ಬೇಕು: ಮೂಳೆ ಮಜ್ಜೆಗೆ ಮಾತ್ರ ರೇಡಿಯೇಷನ್ ಎಲ್ಲಿ ಕೊಡುತ್ತಾರೆ?
ನಮಸ್ಕಾರ. ಅಪ್ಪನಿಗೆ 61 ವರ್ಷ, ಎಎಂಎಲ್ ಬ್ಲಡ್ ಕ್ಯಾನ್ಸರ್. ಕೀಮೋ ಆದ ಮೇಲೂ ಮತ್ತೆ ಬಂದಿದೆ. ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಮಾಡೋಣ ಅಂದಿದ್ದಾರೆ, ಚಿಕ್ಕಪ್ಪನ ಮ್ಯಾರೋ ಹೊಂದುತ್ತದೆ. ಆದರೆ ಅದಕ್ಕೂ ಮುಂಚೆ ಇಡೀ ಮೈಗೆ ಕೊಡುವ ರೇಡಿಯೇಷನ್ನನ್ನು ಅಪ್ಪನ ಶ್ವಾಸಕೋಶ ತಡೆಯಲ್ಲ ಅನ್ನೋದು ಡಾಕ್ಟರ ಭಯ. ಈಗಲೇ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಕಂಬಿ ಹಿಡಿದು ನಿಂತುಬಿಡುತ್ತಾರೆ.

ವಿಕಿರಣ ಸೂಸುವ ಅಯೋಡಿನ್-131 ಅನ್ನು ಆಂಟಿಬಾಡಿಗೆ ಸೇರಿಸಿ ರಕ್ತಕಣಗಳಿಗೇ ಕಳಿಸುವ ಐಯೊಮ್ಯಾಬ್-ಬಿ ಅನ್ನೋ ಔಷಧಿ ಬಗ್ಗೆ ಓದಿದೆ. 2024ರಲ್ಲಿ ಅಮೆರಿಕದ ಔಷಧಿಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಇನ್ನೊಂದು ಟ್ರಯಲ್ ಬೇಕು ಅಂದಿತು, ಹಾಗಾಗಿ ಆ ಆಸೆ ಬಿಟ್ಟೆವು. ಉಳಿದದ್ದು ಶ್ವಾಸಕೋಶಕ್ಕೆ ಕಡಿಮೆ ತಾಗುವ ಹಾಗೆ ಮಜ್ಜೆಗೆ ಗುರಿಯಿಟ್ಟು ಕೊಡುವ ರೇಡಿಯೇಷನ್, ಅಂದರೆ ಟಿಎಂಐ (ಟೋಟಲ್ ಮ್ಯಾರೋ ಇರೇಡಿಯೇಷನ್). ರಕ್ತದ ಡಾಕ್ಟರ್ ರೇಡಿಯೇಷನ್‌ನವರನ್ನು ಕೇಳಿ ಅಂತಾರೆ, ಅವರು ಮತ್ತೆ ಇವರನ್ನೇ ತೋರಿಸುತ್ತಾರೆ.

ಭಾರತದಲ್ಲಿ ನಿಮ್ಮ ಮನೆಯವರಿಗೆ ಯಾರಿಗಾದರೂ ಟಿಎಂಐ ಆಗಿದೆಯಾ? ಯಾವ ಆಸ್ಪತ್ರೆಯಲ್ಲಿ, ಮೊದಲು ಯಾವ ವಿಭಾಗದವರನ್ನು ನೋಡಿದಿರಿ?