ಅಪ್‌ಡೇಟ್: ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಟಿ ಬೆಲೆ (t-value) ಕೊನೆಗೂ ಸರಿಹೋಯ್ತು

ಹೋದ ವಾರ ಕೇಳಿದ್ದೆನಲ್ಲ, 130 ಜನರ ಮೈ ಉಷ್ಣತೆಯ ಲೆಕ್ಕ: ಸರಾಸರಿ ನಿಜಕ್ಕೂ 98.6 ಡಿಗ್ರಿ ಫ್ಯಾರನ್‌ಹೀಟಾ ಅಂತ ಪರೀಕ್ಷಿಸಬೇಕಿತ್ತು. ಟಿ ಬೆಲೆ ಅಂದರೆ ಸಿಕ್ಕ ಸರಾಸರಿ ಊಹಿಸಿದ್ದರಿಂದ ಎಷ್ಟು ದೂರ ಇದೆ ಅಂತ, ಆಕಸ್ಮಿಕ ಏರಿಳಿತಕ್ಕೆ ಹೋಲಿಸಿ ಹೇಳೋ ಅಂಕಿ. ನನಗೆ ಅದು −0.48 ಬಂತು, ಪುಸ್ತಕದಲ್ಲಿ −5.45; ಎಲ್ಲಿ ತಪ್ಪಿದೆ ಅಂತ ಕೇಳಿದ್ದೆ.

‘ಟಿ ಬಿಟ್ಟು ಝಡ್ ಹಾಕಿ’ (ಝಡ್ ಅಂದರೆ ಅದೇ ಥರದ ಇನ್ನೊಂದು ಪರೀಕ್ಷೆ) ಅಂದವರ ಮಾತು ಕೇಳಿದೆ, ಏನೂ ಬದಲಾಗಲಿಲ್ಲ. 100.8 ಇದ್ದ ಒಂದು ಅಂಕಿ ತೆಗೆದು ನೋಡಿದೆ, −0.53 ಆಯ್ತು ಅಷ್ಟೆ. ಕೊನೆಗೆ ‘ವರ್ಗಮೂಲ ಎಲ್ಲಿ ಹೋಯ್ತು?’ ಅಂತ ಒಂದೇ ಸಾಲು ಬರೆದವರೇ ಸರಿ! ನಾನು ವ್ಯತ್ಯಾಸವನ್ನು (98.25 − 98.6 = −0.35) ನೇರವಾಗಿ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ, 0.73ರಿಂದ ಭಾಗಿಸುತ್ತಿದ್ದೆ. ಆ 0.73 ಅನ್ನು ಮೊದಲು 130ರ ವರ್ಗಮೂಲ 11.4ರಿಂದ ಭಾಗಿಸಬೇಕು, 0.064 ಬರುತ್ತೆ. ಆಮೇಲೆ −0.35 ಅನ್ನು ಅದರಿಂದ ಭಾಗಿಸಿದರೆ ಪುಸ್ತಕದ ಉತ್ತರವೇ ಸಿಗುತ್ತೆ (ದಶಮಾಂಶ ಬಿಟ್ಟಿದ್ದರಿಂದ ಚೂರು ಆಚೀಚೆ). ಎರಡು ದಿನ ತಲೆ ಕೆರೆದುಕೊಂಡಿದ್ದು ಇಷ್ಟಕ್ಕೆ.

−5.45 ಸೊನ್ನೆಯಿಂದ ತುಂಬ ದೂರ, ಅಂದರೆ 98.6 ಅನ್ನೋ ಶೂನ್ಯ ಊಹೆ (ಪರೀಕ್ಷಿಸೋಕೆ ಮೊದಲು ನಿಜ ಅಂತ ಹಿಡಿದುಕೊಳ್ಳೋ ಮಾತು) ಬಿದ್ದುಹೋಯ್ತು, ಈ ಜನರ ಸರಾಸರಿ 98.25. ಹಾಗಂತ ಜ್ವರ ನೋಡೋ ಡಾಕ್ಟರಿಗೆ 0.35 ಡಿಗ್ರಿ ದೊಡ್ಡ ವಿಷಯವೇನಲ್ಲ. ಪಿ ಬೆಲೆ (ಶೂನ್ಯ ಊಹೆ ನಿಜವಾಗಿದ್ದರೂ ಇಷ್ಟು ಅಥವಾ ಇನ್ನೂ ದೂರದ ಉತ್ತರ ಬರೋ ಸಂಭವ) ಚಿಕ್ಕದಿದ್ದರೆ ವ್ಯತ್ಯಾಸ ದೊಡ್ಡದು ಅಂತ ತಪ್ಪಾಗಿ ಅಂದುಕೊಂಡಿದ್ದೆ ನಾನು.

ಇನ್ನೊಂದು ತಮಾಷೆ. 98.6 ಬಂದಿದ್ದು ಜರ್ಮನಿಯ ವೈದ್ಯ ವುಂಡರ್ಲಿಚ್ 1868ರಲ್ಲಿ ಕೊಟ್ಟ 37 ಸೆಲ್ಸಿಯಸ್‌ನಿಂದ. ಅವರು ಅಳೆದಿದ್ದು ಬಾಯಲ್ಲಲ್ಲ, ಕಂಕುಳಲ್ಲಿ!